ನಲ್ಲಿ ನೀರು ಕೆಡುವುದು ಎಲ್ಲಿ?

ನಲ್ಲಿಯಲ್ಲಿ ಬರುವ ನೀರನ್ನು ಕಾಯಿಸದೆ, ಸೋಸದೆ ಹಾಗೆಯೇ ಕುಡಿಯಬಹುದೇ ಎಂಬುದು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು, ಪಾಲಿಕೆಯವರೋ ಜಲಮಂಡಳಿಯವರೋ ನೀರನ್ನು ಸರಿಯಾಗಿ ಶುದ್ಧ ಮಾಡುತ್ತಿಲ್ಲ ಎಂಬ ಗುಮಾನಿ. ಗುಮಾನಿಗೆ ಕಾರಣವಿಲ್ಲದಿಲ್ಲ, 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ನಾಡು ಇನ್ನೂ ಮರೆತಿಲ್ಲ. ಆದರೂ ನದಿಯ ನೀರನ್ನು ಕುಡಿಯಲು ಯೋಗ್ಯವಾಗಿಸುವ ವಿದ್ಯೆ ನೂರು ವರ್ಷಗಳಿಂದ ಎಲ್ಲರಿಗೂ ತಿಳಿದಿರುವಂಥದ್ದು, ನಿಷ್ಠೆಯಿಂದ ಮಾಡಿದರೆ ದಿನವೂ ಕೈಗೂಡುವಂಥದ್ದು. ಅದಕ್ಕಿಂತ ಬಹಳ ಕಠಿಣವಾದ ಕೆಲಸವೆಂದರೆ, ಶುದ್ಧವಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಕೊನೆಯ ಮನೆಯ ನಲ್ಲಿಯನ್ನು ತಲುಪುವವರೆಗೆ ಅದನ್ನು ಶುದ್ಧವಾಗಿಯೇ ಉಳಿಸಿಕೊಳ್ಳುವುದು. ಕುಡಿಯುವ ನೀರಿನ ಸುರಕ್ಷತೆಯ ಬಗ್ಗೆ ನಡೆಯುವ ಚರ್ಚೆಯ ಬಹುಪಾಲು ಶುದ್ಧೀಕರಣ ಘಟಕದ ಗೇಟಿನ ಬಳಿಯೇ ನಿಂತುಬಿಡುತ್ತದೆ. ನಿಜವಾದ ಅಪಾಯ ಆ ಗೇಟಿನಿಂದ ಹೊರಗೆ ಆರಂಭವಾಗುತ್ತದೆ ಎಂಬುದನ್ನು ಅರಿಯಲು ಹುಬ್ಬಳ್ಳಿ-ಧಾರವಾಡದಷ್ಟು ಸ್ಪಷ್ಟವಾದ ಉದಾಹರಣೆ ಬೇರೊಂದು ಸಿಗುವುದು ಕಷ್ಟ.

ಅವಳಿ ನಗರದ ನೀರಿನ ಮುಖ್ಯ ಮೂಲ ಮಲಪ್ರಭಾ. ಸವದತ್ತಿಯ ಬಳಿ ನವಿಲುತೀರ್ಥ ಅಣೆಕಟ್ಟಿನ ಹಿಂದೆ ನಿಂತ ನೀರನ್ನು ಎತ್ತಿ ತಂದು ಧಾರವಾಡದ ಸಮೀಪದ ಅಮ್ಮಿನಭಾವಿಯ ಘಟಕದಲ್ಲಿ ಶುದ್ಧೀಕರಿಸಲಾಗುತ್ತದೆ. ಇಂತಹ ಘಟಕಗಳಲ್ಲಿ ನಡೆಯುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ನೀರಿಗೆ ಮೊದಲು ಗಾಳಿ ತಾಕಿಸುತ್ತಾರೆ, ಬಳಿಕ ಪಟಿಕ ಬೆರೆಸುತ್ತಾರೆ, ಪಟಿಕದಿಂದ ಒಗ್ಗೂಡಿದ ಮಣ್ಣಿನ ಕಣಗಳು ತೊಟ್ಟಿಯ ತಳಕ್ಕೆ ಇಳಿಯಲು ಎರಡು-ಮೂರು ಗಂಟೆ ಬಿಡುತ್ತಾರೆ, ಮೇಲಿನ ತಿಳಿನೀರನ್ನು ಮರಳಿನ ಪದರದ ಮೂಲಕ ಸೋಸಿ ಕೊನೆಗೆ ಕ್ಲೋರಿನ್ ಸೇರಿಸುತ್ತಾರೆ. ಹೇಳಲು ಸರಳವಾದ ಈ ಕ್ರಮದಲ್ಲಿ ಪ್ರತಿದಿನದ ವಿವೇಚನೆ ಬೇಡುವ ಘಟ್ಟ ಪಟಿಕದ ಪ್ರಮಾಣವನ್ನು ನಿಗದಿ ಮಾಡುವುದು. ಮಳೆಗಾಲದ ಮೊದಲ ಪ್ರವಾಹದಲ್ಲಿ ಕೆಂಪಾಗಿ ಬರುವ ನೀರಿಗೂ ಬೇಸಿಗೆಯ ತಿಳಿನೀರಿಗೂ ಒಂದೇ ಪ್ರಮಾಣ ಹೊಂದುವುದಿಲ್ಲವಾದ್ದರಿಂದ, ಘಟಕದ ರಸಾಯನತಜ್ಞರು ಜಾರ್ ಟೆಸ್ಟ್ ಎಂಬ ಪರೀಕ್ಷೆ ಮಾಡುತ್ತಾರೆ. ಸಾಲಾಗಿ ಇಟ್ಟ ಆರು ಗಾಜಿನ ಪಾತ್ರೆಗಳಲ್ಲಿ ಅಂದಿನ ನದಿ ನೀರನ್ನು ತುಂಬಿ, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಪಟಿಕ ಹಾಕಿ, ಯಂತ್ರದ ಸಣ್ಣ ಹುಟ್ಟುಗಳಿಂದ ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ಕಲಕಿ ಬಿಟ್ಟರೆ, ಹತ್ತಿಯ ಎಳೆಗಳಂತಹ ಗರಣೆ ಮೂಡಿ ಕೆಳಗಿಳಿಯತೊಡಗುತ್ತದೆ. ಅರ್ಧ ಗಂಟೆಯ ನಂತರ ಯಾವ ಪಾತ್ರೆಯ ನೀರು ಅತಿ ಕಡಿಮೆ ಪಟಿಕದಲ್ಲಿ ಚೆನ್ನಾಗಿ ತಿಳಿಯಾಗಿದೆಯೋ ಆ ಪಾತ್ರೆಯ ಅಳತೆಯೇ ಅಂದಿನ ಇಡೀ ಊರಿನ ನೀರಿಗೆ ಅನ್ವಯವಾಗುತ್ತದೆ. ಈ ಪರೀಕ್ಷೆ ತಪ್ಪಿದ ದಿನ ಮರಳಿನ ಸೋಸುಗಗಳ ಮೇಲೆ ಹೊರೆ ಬೀಳುತ್ತದೆ, ಮರಳನ್ನು ಕಾಲಕಾಲಕ್ಕೆ ತಳದಿಂದ ನೀರು ನುಗ್ಗಿಸಿ ತೊಳೆಯದಿದ್ದರೆ ಸೋಸುಗವೇ ಕೊಳೆಯ ಕಣಜವಾಗುತ್ತದೆ. ರಾಯಚೂರಿನ ದುರಂತದ ಬಳಿಕ ಸಾರ್ವಜನಿಕ ಚರ್ಚೆಗೆ ಬಂದದ್ದೂ ಘಟಕದ ನಿರ್ವಹಣೆಯ ಇಂತಹ ಲೋಪಗಳೇ.

ನೀರನ್ನು ತಿಳಿಯಾಗಿಸುವುದು ಕಣ್ಣಿಗೆ ಚೆಂದ ಕಾಣಲೆಂದು ಮಾತ್ರವಲ್ಲ. ರಾಡಿಯ ಕಣಗಳು ಕ್ಲೋರಿನ್ನನ್ನು ಹೀರಿಕೊಳ್ಳುತ್ತವೆ, ರೋಗಾಣುಗಳಿಗೆ ಮರೆಯಾಗುತ್ತವೆ. ಮೇಲಾಗಿ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರೋಪಜೀವಿಯಂತಹ ಕೆಲವು ಸೂಕ್ಷ್ಮಜೀವಿಗಳು ಸಾಮಾನ್ಯ ಪ್ರಮಾಣದ ಕ್ಲೋರಿನ್ನಿಗೆ ಜಗ್ಗುವುದೇ ಇಲ್ಲ, ಅವನ್ನು ಮರಳೇ ತಡೆಯಬೇಕು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಒಂದು ಘಟಕದ ಸೋಸುವಿಕೆ ಹದಗೆಟ್ಟಾಗ ಸುಮಾರು ನಾಲ್ಕು ಲಕ್ಷ ಜನ ಇದೇ ಜೀವಿಯಿಂದ ಕಾಯಿಲೆ ಬಿದ್ದರೆಂದು ಅಂದಾಜಿಸಲಾಗಿದೆ. ಶ್ರೀಮಂತ ದೇಶವೊಂದರಲ್ಲಿ, ಕ್ಲೋರಿನ್ ಹಾಕುತ್ತಿದ್ದ ನೀರಿನಲ್ಲೇ ಇದು ನಡೆಯಿತು.

ಸೋಸಿದ ನೀರಿಗೆ ಕ್ಲೋರಿನ್ ಹಾಕುವ ಉದ್ದೇಶ ಎರಡು ಬಗೆಯದು, ಮತ್ತು ಎರಡನೆಯದನ್ನು ಬಹುತೇಕ ಬಳಕೆದಾರರು ಗಮನಿಸಿರುವುದಿಲ್ಲ. ಮೊದಲನೆಯದು, ಅಳಿದುಳಿದ ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳನ್ನು ಘಟಕದಲ್ಲಿಯೇ ಕೊಲ್ಲುವುದು. ಇದಕ್ಕೆ ಕ್ಲೋರಿನ್ ನೀರಿನೊಂದಿಗೆ ಕನಿಷ್ಠ ಅರ್ಧ ಗಂಟೆ ಬೆರೆತಿರಬೇಕು. ಎರಡನೆಯದು, ಈ ಕೆಲಸಕ್ಕೆ ಖರ್ಚಾಗಿ ಉಳಿದ ಒಂದಿಷ್ಟು ಕ್ಲೋರಿನ್ ನೀರಿನ ಜೊತೆಗೇ ಕೊಳವೆಯಲ್ಲಿ ಪ್ರಯಾಣ ಮಾಡಿ, ದಾರಿಯಲ್ಲಿ ಎಲ್ಲಿಯಾದರೂ ಸಣ್ಣ ಪ್ರಮಾಣದ ಕೊಳೆ ಸೇರಿದರೆ ಅದನ್ನು ಅಲ್ಲಿಯೇ ಎದುರಿಸುವುದು. ಹೀಗೆ ಉಳಿದದ್ದನ್ನು ಶೇಷ ಕ್ಲೋರಿನ್ ಎನ್ನುತ್ತಾರೆ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ, ಅಂದರೆ ಐಎಸ್ 10500, ಗ್ರಾಹಕರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಶೇಷ ಕ್ಲೋರಿನ್ ಇರಬೇಕೆಂದೂ, 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೊಲೈ ಬ್ಯಾಕ್ಟೀರಿಯಾ ಸಹ ಇರಬಾರದೆಂದೂ ಹೇಳುತ್ತದೆ. ಇ-ಕೊಲೈ ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಜೀವಿಯಾದ್ದರಿಂದ, ನೀರಿನಲ್ಲಿ ಅದು ಕಂಡುಬಂದರೆ ಮಲದ ಸೋಂಕು ತಗುಲಿದೆ ಎಂದೇ ಅರ್ಥ. ಆದರೆ ಇ-ಕೊಲೈ ಪರೀಕ್ಷೆಯ ಫಲಿತಾಂಶಕ್ಕೆ ಸುಮಾರು ಒಂದು ದಿನ ಕಾಯಬೇಕು. ಅಷ್ಟರಲ್ಲಿ ಊರು ಆ ನೀರನ್ನು ಕುಡಿದು ಮುಗಿಸಿರುತ್ತದೆ. ಶೇಷ ಕ್ಲೋರಿನ್ ಪರೀಕ್ಷೆಗಾದರೆ ಒಂದು ನಿಮಿಷ ಸಾಕು: ಸಣ್ಣ ಗಾಜಿನ ಕೊಳವೆಗೆ ನಲ್ಲಿಯ ನೀರು ಹಿಡಿದು, ಡಿಪಿಡಿ ಎಂಬ ಮಾತ್ರೆಯೊಂದನ್ನು ಪುಡಿಮಾಡಿ ಹಾಕಿ ಅಲುಗಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ಕ್ಲೋರಿನ್ ಇದೆ, ಬಣ್ಣವೇ ಬರದಿದ್ದರೆ ಕಾವಲು ದಾರಿಯಲ್ಲೆಲ್ಲೋ ಮುಗಿದುಹೋಗಿದೆ. ಬಣ್ಣದ ಗಾಢತೆಯನ್ನು ಪಕ್ಕದ ಪಟ್ಟಿಯೊಂದಿಗೆ ಹೋಲಿಸಿ ಪ್ರಮಾಣವನ್ನೂ ಓದಿಕೊಳ್ಳಬಹುದು. ಒಂದು ಊರಿನ ನೀರು ಸರಬರಾಜು ವ್ಯವಸ್ಥೆಯ ಆರೋಗ್ಯವನ್ನು ಇಷ್ಟು ಅಗ್ಗವಾಗಿ, ಇಷ್ಟು ಬೇಗ ಹೇಳಬಲ್ಲ ಬೇರೆ ಪರೀಕ್ಷೆ ಇಲ್ಲ.

ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತದೆಂದು ದೂರುವವರು ಬಹಳ. ಆ ವಾಸನೆ ಇಷ್ಟವಾಗದಿರುವುದು ಸಹಜವಾದರೂ, ಅದು ಬಾರದಿರುವುದೇ ಹೆಚ್ಚು ಚಿಂತೆಯ ವಿಷಯ. ಕ್ಲೋರಿನ್ನಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 5 ಮಿಲಿಗ್ರಾಂ, ಅಂದರೆ ನಲ್ಲಿಯಲ್ಲಿ ಇರಬೇಕಾದ ಕನಿಷ್ಠಕ್ಕಿಂತ ಇಪ್ಪತ್ತೈದು ಪಟ್ಟು. ಕ್ಲೋರಿನ್ ನೀರಿನಲ್ಲಿನ ಸಾವಯವ ಅಂಶಗಳೊಂದಿಗೆ ಸೇರಿ ಟ್ರೈಹಾಲೊಮೀಥೇನ್‌ಗಳೆಂಬ ಅನಪೇಕ್ಷಿತ ರಾಸಾಯನಿಕಗಳನ್ನು ಉಂಟುಮಾಡುವುದು ನಿಜ, ಅವುಗಳ ಮೇಲೆ ನಿಗಾ ಬೇಕೆಂಬುದೂ ನಿಜ. ಆದರೆ ಆ ಭಯದಿಂದ ಸೋಂಕುನಿವಾರಣೆಯಲ್ಲಿ ರಾಜಿ ಮಾಡಿಕೊಳ್ಳಬಾರದೆಂದು ಅದೇ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ವಾಸನೆ ಸಹಿಸಲಾಗದವರು ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ಅದು ತಾನಾಗಿಯೇ ಹೋಗುತ್ತದೆ.

ಇನ್ನು ಕೊಳವೆಯ ವಿಷಯ. ಸೋರದ ಕೊಳವೆ ಜಾಲ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಜೋಡಣೆಗಳು ಸಡಿಲಗೊಳ್ಳುತ್ತವೆ, ಹಳೆಯ ಎರಕದ ಕೊಳವೆಗಳು ತುಕ್ಕು ಹಿಡಿಯುತ್ತವೆ, ಕೇಬಲ್ ಹಾಕಲು ರಸ್ತೆ ಅಗೆದವರು ಕೊಳವೆಗೂ ಪೆಟ್ಟು ಕೊಟ್ಟು ಹೋಗುತ್ತಾರೆ. ಕೊಳವೆಯೊಳಗೆ ಒತ್ತಡ ಇರುವವರೆಗೆ ಈ ಬಿರುಕುಗಳಿಂದ ನೀರು ಹೊರಕ್ಕೆ ಚಿಮ್ಮುತ್ತದೆ, ಹೊರಗಿನದು ಒಳಗೆ ಬರಲಾಗುವುದಿಲ್ಲ. ನಷ್ಟವಾಗುವುದು ನೀರು ಮಾತ್ರ. ಸರಬರಾಜು ನಿಲ್ಲಿಸಿದೊಡನೆ ಸ್ಥಿತಿ ತಲೆಕೆಳಗಾಗುತ್ತದೆ. ಕೊಳವೆಯ ನೀರು ತಗ್ಗಿನ ಬಡಾವಣೆಗಳ ಕಡೆಗೆ ಇಳಿದು ಖಾಲಿಯಾಗುತ್ತಿದ್ದಂತೆ ಒಳಗೆ ನಿರ್ವಾತ ಉಂಟಾಗಿ, ನೀರು ಹೊರಹೋಗುತ್ತಿದ್ದ ಅದೇ ಬಿರುಕು ಸುತ್ತಲಿನ ತೇವವನ್ನು ಒಳಗೆ ಎಳೆದುಕೊಳ್ಳುವ ಬಾಯಿಯಾಗುತ್ತದೆ. ಆ ತೇವ ಎಂಥದ್ದು ಎಂಬುದು ಕೊಳವೆ ಎಲ್ಲಿ ಹಾದುಹೋಗಿದೆ ಎಂಬುದನ್ನು ಅವಲಂಬಿಸಿದೆ. ನಮ್ಮ ಊರುಗಳ ಹಳೆಯ ಓಣಿಗಳಲ್ಲಿ ನಡೆದು ನೋಡಿದವರಿಗೆ ಇದು ತಿಳಿಯದ್ದಲ್ಲ: ರಸ್ತೆಯ ನಡುವಿನ ದೊಡ್ಡ ಕೊಳವೆಯಿಂದ ಮನೆಗೆ ತೆಗೆದುಕೊಂಡ ಅರ್ಧ ಇಂಚಿನ ಕಬ್ಬಿಣದ ಪೈಪು ಮನೆಯ ಮುಂದಿನ ತೆರೆದ ಗಟಾರವನ್ನು ದಾಟಿಯೇ ಒಳಗೆ ಹೋಗಬೇಕು, ಎಷ್ಟೋ ಕಡೆ ಅದು ಗಟಾರದ ನೀರಿನಲ್ಲಿ ಮುಳುಗಿಯೇ ಇರುತ್ತದೆ, ಸದಾ ಕೊಳಚೆ ತಾಗುವ ಆ ಭಾಗವೇ ಮೊದಲು ತುಕ್ಕು ಹಿಡಿದು ತೂತಾಗುತ್ತದೆ. ಒಳಚರಂಡಿಯ ಕೊಳವೆ ಕುಡಿಯುವ ನೀರಿನ ಕೊಳವೆಗಿಂತ ಕೆಳಗೆ, ಅದರಿಂದ ದೂರವಾಗಿ ಇರಬೇಕೆಂಬ ನಿಯಮ ಎಂಜಿನಿಯರುಗಳಿಗೆಲ್ಲ ಗೊತ್ತು. ಎಂಟಡಿಯ ಓಣಿಯಲ್ಲಿ ಎರಡನ್ನೂ ಹೂಳಬೇಕಾದಾಗ ಆ ನಿಯಮ ಕಾಗದದಲ್ಲಿಯೇ ಉಳಿಯುತ್ತದೆ.

ಹೀಗೆ ಒಳನುಗ್ಗಿದ ಕೊಳೆ ಮುಂದಿನ ಸರದಿಯವರೆಗೆ ಖಾಲಿ ಕೊಳವೆಯಲ್ಲಿ ಕೂತಿದ್ದು, ವಾಲ್ವ್ ತಿರುಗಿಸಿದೊಡನೆ ಬರುವ ಮೊದಲ ನೀರಿನೊಂದಿಗೆ ಮನೆಗಳನ್ನು ತಲುಪುತ್ತದೆ. ನೀರು ಬಿಟ್ಟ ಮೊದಲ ಹತ್ತು-ಹದಿನೈದು ನಿಮಿಷ ನಲ್ಲಿಯಲ್ಲಿ ರಾಡಿ ಬರುವುದನ್ನು ಗೃಹಿಣಿಯರು ಬಲ್ಲರು, ಅದನ್ನು ಪಾತ್ರೆ ತೊಳೆಯಲು, ಅಂಗಳಕ್ಕೆ ಹಾಕಲು ಬಿಟ್ಟು ಆಮೇಲಿನದನ್ನು ಕುಡಿಯಲು ತುಂಬಿಡುತ್ತಾರೆ. ಯಾವ ಪಠ್ಯಪುಸ್ತಕವೂ ಹೇಳಿಕೊಡದೆ ರೂಢಿಯಲ್ಲಿ ಬಂದ ಈ ಜಾಣ್ಮೆಯನ್ನು ವಿಜ್ಞಾನವೂ ಎತ್ತಿಹಿಡಿದಿದೆ. ಹಾಗೆ ಎತ್ತಿಹಿಡಿದ ಅಧ್ಯಯನ ನಡೆದದ್ದು ಹುಬ್ಬಳ್ಳಿ-ಧಾರವಾಡದಲ್ಲಿಯೇ. ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದರ ಅಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ಪ್ರಾಯೋಗಿಕ ವಲಯಗಳಲ್ಲಿ, ಜನಸಂಖ್ಯೆಯ ಸುಮಾರು ಹತ್ತನೇ ಒಂದು ಭಾಗಕ್ಕೆ, ಹಳೆಯ ಕೊಳವೆಗಳನ್ನು ಬದಲಿಸಿ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಕೊಡಲಾರಂಭಿಸಲಾಯಿತು. ಅವಳಿ ನಗರದ ಉಳಿದ ವಾರ್ಡುಗಳಿಗೆ ಕೆಲವು ದಿನಗಳಿಗೊಮ್ಮೆ ಕೆಲವು ಗಂಟೆ ಮಾತ್ರ ನೀರು ಬರುವುದು ಮುಂದುವರಿಯಿತು. ಒಂದೇ ಊರು, ಒಂದೇ ನೀರು, ಒಂದೇ ಶುದ್ಧೀಕರಣ ವ್ಯವಸ್ಥೆ, ಆದರೆ ಹಂಚುವ ಬಗೆ ಎರಡು ಎಂಬ ಈ ಅಪರೂಪದ ಸನ್ನಿವೇಶವನ್ನು ಬಳಸಿಕೊಂಡು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಎಮಿಲಿ ಕಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಬಗೆಯ ವಾರ್ಡುಗಳ ನಲ್ಲಿಗಳಿಂದ ನೀರಿನ ಮಾದರಿ ತೆಗೆದು ಪರೀಕ್ಷಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿರಂತರ ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಇ-ಕೊಲೈ ಕಂಡದ್ದು ಶೇ 0.7ರಲ್ಲಿ, ಬಿಟ್ಟು ಬಿಟ್ಟು ನೀರು ಬರುವ ನಲ್ಲಿಗಳಲ್ಲಿ ಶೇ 31.7ರಲ್ಲಿ. ನೀರು ಬಿಟ್ಟ ಆರಂಭದ ಹೊತ್ತು ಮತ್ತು ಒತ್ತಡ ಕುಸಿದ ಹೊತ್ತು ಅತ್ಯಂತ ಅಪಾಯದವು ಎಂಬುದನ್ನೂ ಅವರ ಮುಂದಿನ ಅಧ್ಯಯನ ತೋರಿಸಿತು.

ಶುದ್ಧೀಕರಣದಲ್ಲಿ ವ್ಯತ್ಯಾಸವೇ ಇಲ್ಲದೆ, ಕೊಳವೆಯ ಸ್ಥಿತಿ ಮತ್ತು ಅದರೊಳಗಿನ ಒತ್ತಡದ ವ್ಯತ್ಯಾಸದಿಂದಲೇ ಸೋಂಕು ನಲವತ್ತು ಪಟ್ಟಿಗೂ ಮಿಕ್ಕಿ ಹೆಚ್ಚಿತೆಂಬುದು ನೀರು ಸರಬರಾಜಿನ ಹೊಣೆ ಹೊತ್ತ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ. ಆದರೆ ಇದೇ ವಾರ್ಡುಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಐದು ವರ್ಷದೊಳಗಿನ ಮಕ್ಕಳಿರುವ ಸುಮಾರು 3,900 ಮನೆಗಳನ್ನು ಗಮನಿಸಿದ ಆ ಅಧ್ಯಯನದಲ್ಲಿ, ನಿರಂತರ ನೀರು ಪಡೆಯುವ ಮನೆಗಳಲ್ಲಿ ಟೈಫಾಯ್ಡ್ ಕಡಿಮೆ ಇತ್ತು, ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ ಇತ್ತು. ಆದರೆ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ಗಣನೀಯ ಇಳಿಕೆ ಕಂಡುಬರಲಿಲ್ಲ. ಭೇದಿಗೆ ಕೈ, ಆಹಾರ, ನೊಣ, ಶೌಚ ಹೀಗೆ ದಾರಿಗಳು ಹಲವು, ನೀರು ಅವುಗಳಲ್ಲಿ ಒಂದು ಮಾತ್ರ. ಮೇಲಾಗಿ ಶುದ್ಧವಾಗಿ ಬಂದ ನೀರೂ ಮನೆಯ ಕೊಡ, ಬ್ಯಾರಲ್, ಸಂಪುಗಳಲ್ಲಿ ದಿನಗಟ್ಟಲೆ ನಿಂತು, ಲೋಟ ಅದ್ದುವ ಕೈಗಳಿಂದ ಮತ್ತೆ ಕೆಡಬಹುದು. ವರ್ಷಗಟ್ಟಲೆ ವಾರಕ್ಕೊಮ್ಮೆ ನೀರು ಕಂಡವರು, ನಾಳೆಯೂ ನೀರು ಬರುತ್ತದೆಂದು ನಂಬಿ ತುಂಬಿಡುವ ರೂಢಿಯನ್ನು ಒಂದೇ ದಿನದಲ್ಲಿ ಬಿಡುವುದಿಲ್ಲ, ಆ ಅಪನಂಬಿಕೆಗೆ ಅವರನ್ನು ದೂರುವುದೂ ನ್ಯಾಯವಲ್ಲ.

ನಿರಂತರ ನೀರಿನ ಯೋಜನೆಗಳು ಖಾಸಗಿಯವರ ಪಾತ್ರ, ದರ, ಮೀಟರುಗಳ ಕಾರಣಕ್ಕೆ ವಿವಾದಕ್ಕೀಡಾಗಿವೆ, ಆ ಚರ್ಚೆ ನಡೆಯಬೇಕಾದದ್ದೇ. ಆದರೆ ಕೊಳವೆಯೊಳಗೆ ಸದಾ ಒತ್ತಡ ಇರಬೇಕೆಂಬುದು ಅದನ್ನು ಯಾರು ನಡೆಸುತ್ತಾರೆ ಎಂಬ ಪ್ರಶ್ನೆಗಿಂತ ಬೇರೆಯಾದ, ಆರೋಗ್ಯದ ಪ್ರಶ್ನೆ. ಒಡಿಶಾದ ಪುರಿಯಲ್ಲಿ 2021ರ ಜುಲೈಯಿಂದ ಸರ್ಕಾರಿ ವ್ಯವಸ್ಥೆಯೇ ನಲ್ಲಿಯಿಂದ ನೇರವಾಗಿ ಕುಡಿಯುವ ನೀರನ್ನು 24 ಗಂಟೆಯೂ ಕೊಡುವ ಯೋಜನೆಯನ್ನು ಊರಿಗೆಲ್ಲ ಜಾರಿಗೆ ತಂದಿತು. ಬೆಂಗಳೂರಿನಂತಹ ನಗರಕ್ಕೆ ದೂರವೇ ಇನ್ನೊಂದು ತೊಡಕು: ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ಕಾವೇರಿ ನೀರು ಹಾರೋಹಳ್ಳಿ, ತಾತಗುಣಿ ಪಂಪುಮನೆಗಳನ್ನು ಹಾದು ಸುಮಾರು 100 ಕಿಲೋಮೀಟರ್ ಪ್ರಯಾಣ ಮಾಡುವಷ್ಟರಲ್ಲಿ ಆರಂಭದ ಕ್ಲೋರಿನ್ ಕರಗುತ್ತಾ ಹೋಗುವುದರಿಂದ ಮಧ್ಯೆ ಮತ್ತೆ ಸೇರಿಸಬೇಕಾಗುತ್ತದೆ. ಘಟಕದ ಹತ್ತಿರದವರಿಗೆ ವಾಸನೆ ಹೆಚ್ಚಾಗದಂತೆ, ಜಾಲದ ತುದಿಯವರಿಗೆ 0.2 ಮಿಲಿಗ್ರಾಂ ತಪ್ಪದಂತೆ ಈ ಹದ ಕಾಯುವುದು ದಿನದಿನದ ಸವಾಲು.

ಹಳ್ಳಿಗಳ ಸ್ಥಿತಿ ಬೇರೆ. ಅಲ್ಲಿ ಬಹುಮಟ್ಟಿಗೆ ನದಿಯಿಲ್ಲ, ಘಟಕವಿಲ್ಲ. ಬೋರ್‌ವೆಲ್ ನೀರು ನೇರ ಓವರ್‌ಹೆಡ್ ಟ್ಯಾಂಕಿಗೆ ಏರಿ, ಅಲ್ಲಿಂದ ಮನೆಗಳಿಗೆ ಇಳಿಯುತ್ತದೆ, ಸುರಕ್ಷತೆಯ ಭಾರವೆಲ್ಲ ಗ್ರಾಮ ಪಂಚಾಯಿತಿಯ ನೀರಗಂಟಿ ಮತ್ತು ಅವರ ಬಳಿಯ ಬ್ಲೀಚಿಂಗ್ ಪೌಡರಿನ ಮೂಟೆಯ ಮೇಲೆ ಬೀಳುತ್ತದೆ. ಲೆಕ್ಕ ಕಷ್ಟದ್ದಲ್ಲ: 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಕ್ಲೋರಿನ್ ಬೇಕಾದರೆ ಒಟ್ಟು 100 ಗ್ರಾಂ ಆಯಿತು, ಪೌಡರಿನಲ್ಲಿ ಕಾಲು ಭಾಗ ಕ್ಲೋರಿನ್ ಇದ್ದರೆ 400 ಗ್ರಾಂ ಪೌಡರು ಸಾಕು. ಆದರೆ ಹೊಸದಾಗಿ ಬಂದಾಗ ಮೂರನೇ ಒಂದು ಭಾಗದಷ್ಟು ಕ್ಲೋರಿನ್ ಇರುವ ಈ ಪೌಡರು ಬಾಯಿ ಬಿಚ್ಚಿದ ಮೂಟೆಯಲ್ಲಿ, ಪಂಪ್‌ಹೌಸಿನ ಸೆಕೆ ಮತ್ತು ತೇವದಲ್ಲಿ ವಾರ ವಾರಕ್ಕೂ ಸತ್ವ ಕಳೆದುಕೊಳ್ಳುತ್ತದೆ. ಅದೇ ಅಳತೆಯಲ್ಲಿ ತಪ್ಪದೆ ಹಾಕಿದ ನೀರಗಂಟಿ ತನ್ನ ಕರ್ತವ್ಯ ಮುಗಿಯಿತೆಂದು ನಂಬಿದ್ದರೂ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ, ಮನೆಗೆ ನಲ್ಲಿ ಕೊಡುವುದರ ಜೊತೆಗೆ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆ ಮಾಡಿದೆ. ನಲ್ಲಿಗಳ ಸಂಖ್ಯೆಯನ್ನು ಎಣಿಸುವ ಉತ್ಸಾಹದ ಅರ್ಧದಷ್ಟನ್ನು ಈ ಪರೀಕ್ಷೆಗಳ ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯುವುದರಲ್ಲಿ ತೋರಿಸಿದರೆ ಪ್ರಯೋಜನ ದೊಡ್ಡದು.

ಕ್ಲೋರಿನ್ನಿನಿಂದ ಆಗದ ಕೆಲಸವೂ ಇದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳನ್ನು ಅದು ಮುಟ್ಟುವುದಿಲ್ಲ, ನೀರು ಕುದಿಸಿದರೆ ಅವು ಸಾಂದ್ರವಾಗುತ್ತವೆಯೇ ಹೊರತು ಹೋಗುವುದಿಲ್ಲ. ಫ್ಲೋರೈಡ್ ಹೆಚ್ಚಿರುವ ಬಯಲುಸೀಮೆಯ ಊರುಗಳಲ್ಲಿ ಆರ್‌ಒ ಘಟಕಗಳಿಗೆ ಅರ್ಥವಿರುವುದು ಈ ಕಾರಣಕ್ಕೆ. ಆದರೆ ಆರ್‌ಒ ಯಂತ್ರ ಕ್ಲೋರಿನ್ನನ್ನೂ ತೆಗೆದುಬಿಡುವುದರಿಂದ, ನಾಣ್ಯ ಹಾಕಿ 20 ಲೀಟರಿನ ಕ್ಯಾನಿಗೆ ತುಂಬಿಸಿಕೊಂಡ ನೀರಿಗೆ ದಾರಿಯಲ್ಲಿ ಯಾವ ಕಾವಲೂ ಇರುವುದಿಲ್ಲ. ಒಳಗೆ ಪಾಚಿ ಕಟ್ಟಿದ ಕ್ಯಾನಿನಲ್ಲಿ ಅದು ನಲ್ಲಿ ನೀರಿಗಿಂತ ಬೇಗ ಕೆಡುತ್ತದೆ. ಕ್ಯಾನನ್ನು ಉಜ್ಜಿ ತೊಳೆದು ಒಣಗಿಸದೆ ತುಂಬಿಸಬಾರದು.

ಕೊನೆಯದಾಗಿ, ಬಳಕೆದಾರರ ಕಡೆಯಿಂದಲೇ ಆಗುತ್ತಿರುವ ಒಂದು ಹಾನಿಯನ್ನು ಹೇಳದೆ ಬಿಡಲಾಗದು. ನೀರಿನ ಒತ್ತಡ ಸಾಲದೆಂದು ಬೀದಿಯ ಕೊಳವೆಗೆ ನೇರವಾಗಿ ಮೋಟರ್ ಹಚ್ಚಿ ಎಳೆಯುವುದು ರಾಜ್ಯದ ಹಲವು ಊರುಗಳಲ್ಲಿ ರೂಢಿಯಾಗಿದೆ. ಒಂದು ಮನೆಯ ಮೋಟರ್ ಎಳೆದಾಗ ಪಕ್ಕದ ಮನೆಗಳ ನಲ್ಲಿ ಒಣಗುವುದು ಕಣ್ಣಿಗೆ ಕಾಣುವ ಅನ್ಯಾಯ. ಕಾಣದಿರುವುದೆಂದರೆ, ನೀರು ಹರಿಯುತ್ತಿರುವಾಗಲೇ ಆ ಮೋಟರ್ ಕೊಳವೆಯೊಳಗೆ ನಿರ್ವಾತ ಉಂಟುಮಾಡಿ, ಹತ್ತಿರದ ತೂತುಗಳಿಂದ ಗಟಾರದ ನೀರನ್ನು ಎಳೆದುಕೊಳ್ಳುತ್ತದೆ, ಅದು ಮೊದಲು ಸೇರುವುದು ಮೋಟರ್ ಹಚ್ಚಿದವರ ಸಂಪಿಗೇ. ಬೀದಿಯ ಕೊಳವೆಗೆ ಮೋಟರ್ ಹಚ್ಚಿರುವವರು ಅದನ್ನು ಇಂದೇ ಕಳಚಲಿ. ನೀರನ್ನು ತನ್ನಷ್ಟಕ್ಕೆ ಸಂಪಿಗೆ ಇಳಿಯಲು ಬಿಟ್ಟು, ಸಂಪಿನಿಂದ ಮೇಲಕ್ಕೆ ಎತ್ತಲಿ. ಮನೆಯ ಪೈಪು ಗಟಾರ ದಾಟುವ ಜಾಗವನ್ನು ಒಮ್ಮೆ ಬಗ್ಗಿ ನೋಡಿ, ತುಕ್ಕು ಹಿಡಿದಿದ್ದರೆ ಬದಲಿಸಲಿ. ಪಾಲಿಕೆಯ ಅಥವಾ ಪಂಚಾಯಿತಿಯ ಸಭೆಗೆ ಹೋಗುವವರು ನೀರು ಎಷ್ಟು ಗಂಟೆ ಬರುತ್ತದೆ ಎಂದು ಕೇಳುವುದರ ಜೊತೆಗೆ, ನಮ್ಮ ಓಣಿಯ ಕೊನೆಯ ನಲ್ಲಿಯಲ್ಲಿ ಈ ವಾರ ಶೇಷ ಕ್ಲೋರಿನ್ ಎಷ್ಟಿತ್ತು ಎಂದೂ ಕೇಳಲಿ.